ಹಗುರಾದ ಕಾದಂಬರಿ
"ರಾಯರೇ, ರಜೆಗೆ ಹಗುರಾದ ಕಾದಂಬರಿ ಹೇಳಿ."

"'ಮಲೆಗಳಲ್ಲಿ ಮದುಮಗಳು' ಓದ್ರಿ."

"700 ಪುಟ ದಾಟುತ್ತೆ! ರಜೆ ಮೂರೇ ದಿನ."

"ಹಾಗಾದ್ರೆ 'ಪರ್ವ'."

(ರಾಯರ ತಕ್ಕಡಿಯಲ್ಲಿ ಭೈರಪ್ಪನವರು ಹಗುರ!)

"ತ್ರಿವೇಣಿಯವರ 'ಶರಪಂಜರ'?"

"ಛೆ, ಅದು ಹೆಂಗಸರು ಓದೋದು."

"ನೀವು ಓದಿದ್ದೀರಾ?"

"1971ರಲ್ಲೇ! ಕಲ್ಪನಾ ಅಭಿನಯ ಅಂದ್ರೆ ಅಭಿನಯ, ಪುಟ್ಟಣ್ಣ ನಿರ್ದೇಶನ ಅಂದ್ರೆ..."

"ಅದು ಸಿನಿಮಾ ರಾಯರೇ."

"ಕಥೆ ಅದೇ ತಾನೇ? ಟೈಮ್ ಉಳೀತು."

"ಹೋಗಲಿ, ತೇಜಸ್ವಿಯವರ 'ಕರ್ವಾಲೊ'?"

"ಭಲೇ ಪುಸ್ತಕ! ಹಾರುವ ಓತಿ ಹುಡುಕ್ಕೊಂಡು ಕಾಡೆಲ್ಲ ಅಲೀತಾರೆ, ಕೊನೆಗೆ ಅದು ಕೈಗೇ ಸಿಗೋಲ್ಲ."

ಮುಗೀತು, ಅದನ್ನೂ ಕೆಡಿಸಿದರು.

"ಸರಿ, ನಿಮ್ಮ 'ಪರ್ವ'ನೇ ಕೊಡಿ."

ರಾಯರು ಗಾಜಿನ ಬೀರು ತೆಗೆದು, ಪ್ಲಾಸ್ಟಿಕ್ ಹೊದಿಕೆಯ ಪ್ರತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟರು. ಬೆಲೆಯ ಚೀಟಿ ಕೂಡ ಕಿತ್ತಿರಲಿಲ್ಲ.

"ಜೋಪಾನ, ಹಾಳೆ ಮಡಿಸಬೇಡಿ. ನಾನಿನ್ನೂ ಓದಬೇಕು."