ಐದನೇ ದಿನದ ಧನ್ವಂತರಿಗಳು

ಕೆಲವು ಕಾಯಿಲೆಗಳು ರೋಗಿಯನ್ನು ಮಲಗಿಸುವ ಮುಂಚೆ ಸುತ್ತಮುತ್ತಲಿನ ನಾಲ್ಕಾರು ಮಂದಿಯನ್ನು ವೈದ್ಯರನ್ನಾಗಿ ಮಾಡಿಬಿಡುತ್ತವೆ. ನೆಗಡಿ ಅಂಥದ್ದು, ಬಿಕ್ಕಳಿಕೆ ಅಂಥದ್ದು. ಇದೇ ಗೋತ್ರದ ಇನ್ನೊಂದು ಕಾಯಿಲೆ ಉಂಟೆಂದು ನನಗೆ ತಿಳಿದದ್ದು ನಮ್ಮ ಯಜಮಾನರು ಬ್ಯಾಂಕಿನಿಂದ ನಿವೃತ್ತರಾಗಿ ನಡುಮನೆಯಲ್ಲಿ ಸಮುದ್ರ ಕಟ್ಟಿದ ಮೇಲೆ. ಅದು ಕಡಲ ಮೀನಿನ ಬಿಳಿ ಚುಕ್ಕೆ ರೋಗ.

ಬೆಂಗಳೂರಿಗೆ ಸಮುದ್ರ ಎಲ್ಲಿಂದ ಬಂತು ಎನ್ನುವವರಿಗೆ ಉತ್ತರ: ತೊರೆಕಾಡನಹಳ್ಳಿಯಿಂದ. ಅಲ್ಲಿಂದ ಪಂಪುಗಳ ಬಲದಲ್ಲಿ ಸುಮಾರು ನೂರು ಕಿಲೋಮೀಟರು ಏರಿ ಬರುವ ಕಾವೇರಿಯನ್ನು ಇವರು ಆರ್‌ಒ ಯಂತ್ರದಲ್ಲಿ ಸೋಸಿ, ಲೀಟರಿಗೆ 35 ಗ್ರಾಂ ಆಸುಪಾಸಿನಲ್ಲಿ ಅಕ್ವೇರಿಯಂ ಉಪ್ಪು ಬೆರೆಸುತ್ತಾರೆ. ಹೇಗೂ ಪೂಂಪುಹಾರಿನಲ್ಲಿ ಕಡಲು ಸೇರಬೇಕಾದವಳು, ನಮ್ಮ ಮನೆಯಲ್ಲೇ ಸೇರಿದರೆ ನಷ್ಟವೇನು ಎಂಬುದು ಇವರ ವಾದ. ತಮಿಳುನಾಡಿನ ಕಿವಿಗೆ ಬೀಳದಿರಲಿ. ರಕ್ತದೊತ್ತಡವೆಂದು ಡಾಕ್ಟರು ಇವರಿಗೆ ಉಪ್ಪಿನಕಾಯಿ, ಹಪ್ಪಳ ಎಲ್ಲ ಬಿಡಿಸಿದ್ದಾರೆ. ಮನೆಗೆ ಉಪ್ಪು ಮಾತ್ರ ಬಕೆಟ್ ಲೆಕ್ಕದಲ್ಲಿ ಬರುತ್ತದೆ.

ತೊಟ್ಟಿಯಲ್ಲಿ ಹವಳ ಇಲ್ಲ. ಗಟ್ಟಿ ಹವಳಗಳು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿಯ ಪಂಕ್ತಿಯಲ್ಲೇ ಕೂತಿವೆ. ಹುಲಿ ಸಾಕದ ಮನೆಯಲ್ಲಿ ಹವಳವೂ ಬೇಡ. ಇದ್ದದ್ದು ಎರಡು ಕ್ಲೌನ್ ಮೀನು, ಒಂದಿಷ್ಟು ಸಿಗಡಿ, ಬಸವನಹುಳು. ಕ್ಲೌನ್ ಮೀನುಗಳಲ್ಲಿ ಮೊದಲಿಗೆ ಎಲ್ಲವೂ ಗಂಡೇ ಅಂತೆ, ಆಮೇಲೆ ಜೋಡಿಯಲ್ಲಿ ಯಾವುದಕ್ಕೆ ದರ್ಪ ಹೆಚ್ಚೋ ಅದು ಹೆಣ್ಣಾಗುತ್ತದಂತೆ. ಇದನ್ನು ಬಂದವರಿಗೆಲ್ಲ ವಿವರಿಸುವಾಗ ಇವರು ನನ್ನ ಕಡೆ ಯಾಕೆ ನೋಡುತ್ತಾರೋ ನಾನು ಕೇಳಿಲ್ಲ.

ಬೇಸಿಗೆ ರಜೆಗೆ ಬಂದ ಮೊಮ್ಮಗ ಸಿನಿಮಾ ನೋಡಿ ‘ಡೋರಿ’ ಬೇಕೆಂದು ಹಟ ಹಿಡಿದ. ನೀಲಿ ಮೈ, ಹಳದಿ ಬಾಲದ ಈ ಮೀನು ಸರ್ಜನ್ ಮೀನುಗಳ ವಂಶದ್ದು. ಬಾಲದ ಬುಡದಲ್ಲಿ ಎರಡೂ ಪಕ್ಕ ಚಾಕುವಿನಂಥ ಮುಳ್ಳು ಇರುವುದರಿಂದ ಆ ಪದವಿ. ಬಿಳಿ ಚುಕ್ಕೆ ರೋಗ ಬಂದರೆ ಮೊದಲು ಮಲಗುವವರೂ ಈ ಸರ್ಜನ್ನರೇ. ಹೊಸ ಮೀನನ್ನು ಒಂದು ತಿಂಗಳಾದರೂ ಬೇರೆ ತೊಟ್ಟಿಯಲ್ಲಿಟ್ಟು ನೋಡಿ ಆಮೇಲೆ ಬಳಗಕ್ಕೆ ಸೇರಿಸಬೇಕೆಂಬ ನಿಯಮ ಇವರಿಗೆ ಗೊತ್ತಿತ್ತು. ಬೇಸಿಗೆ ರಜೆಗೆ ಗೊತ್ತಿರಲಿಲ್ಲ.

ಡೋರಿಯ ನೀಲಿ ಮೈಮೇಲೆ ಸಣ್ಣ ರವೆ ಗಾತ್ರದ ಬಿಳಿ ಚುಕ್ಕೆಗಳು ಕಾಣಿಸಿಕೊಂಡವು. ಅದು ಮೈಯನ್ನು ಬಂಡೆಗೆ ಉಜ್ಜತೊಡಗಿತು. ಅಷ್ಟೇ ಸಾಕು, ಅಪಾರ್ಟ್‌ಮೆಂಟಿನ ವೈದ್ಯ ಸಂಕುಲ ಎಚ್ಚೆತ್ತಿತು.

ಅಂಗಡಿಯ ಹುಡುಗ ಫೋನಿನಲ್ಲೇ ಚೀಟಿ ಬರೆದ. “ಬೆಳ್ಳುಳ್ಳಿ ರಸದಲ್ಲಿ ಊಟ ನೆನೆಸಿ ಹಾಕಿ ಮೇಡಂ, ಐದು ದಿನದಲ್ಲಿ ಕ್ಲಿಯರ್.” ನಮ್ಮದು ಬೆಳ್ಳುಳ್ಳಿ ಕಾಣದ ಮನೆ. ನಮ್ಮತ್ತೆಯವರ ಕಾಲದಲ್ಲಿ ಅದು ಕಾಂಪೌಂಡು ದಾಟಿ ಬಂದದ್ದಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಗ್ಗರಣೆಗೆ ಒಂದೆಸಳು ಹಾಕುತ್ತೇನೆಂದು ಕೇಳಿ ಒಂದು ವಾರ ಮಾತು ಕಳೆದುಕೊಂಡಿದ್ದೆ. ಈಗ ಮೀನಿಗೆಂದರೆ ಅತ್ತೆಯವರು, “ಔಷಧಕ್ಕೆ ದೋಷವಿಲ್ಲ” ಎಂದು ತಾವೇ ಸಿಪ್ಪೆ ಸುಲಿದು ಕೊಟ್ಟರು.

ಜೊತೆಗೆ, ಒಂದರ ಮೇಲೇ ಭರವಸೆ ಇಡಬಾರದೆಂದು ತೊಟ್ಟಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ನಿವಾಳಿಸಿದ ಉಪ್ಪನ್ನು ನೀರಿಗೆ ಹಾಕಬೇಕಂತೆ. ಇಲ್ಲೇ ಇದೆಯಲ್ಲ ನೀರು ಎಂದು ಅವರು ಕೈ ಚಾಚಿದಾಗ ಯಜಮಾನರು ತೊಟ್ಟಿಗೆ ಅಡ್ಡ ನಿಂತದ್ದನ್ನು ನೋಡಬೇಕಿತ್ತು. ಎದುರುಮನೆಯ ಮೇಷ್ಟ್ರು, “ನೀರು ಸ್ವಲ್ಪ ಬಿಸಿ ಮಾಡ್ರೀ, ನಮ್ಮ ಗೋಲ್ಡ್‌ಫಿಶ್‌ಗೆ ಹಾಗೇ ವಾಸಿ ಮಾಡಿದ್ದೆ” ಎಂದರು. ಮೂರನೇ ಮಹಡಿಯಾಕೆ ಕ್ಲೀನರ್ ಸಿಗಡಿ ಇನ್ನೂ ಎರಡು ತರಿಸಿ, ಅವು ಹುಳುಗಳನ್ನೆಲ್ಲ ಹೆಕ್ಕಿ ತಿನ್ನುತ್ತವೆ ಎಂದರು. ಎಲ್ಲರ ಮಾತೂ ನಡೆಯಿತು. ಮನೆಯ ವಿಷಯದಲ್ಲಿ ಯಾರ ಮಾತನ್ನೂ ಕೇಳದ ಇವರು ಮೀನಿನ ವಿಷಯದಲ್ಲಿ ಸರ್ವಪಕ್ಷ ಸಭೆಯನ್ನೇ ಒಪ್ಪಿಕೊಂಡರು.

ಐದನೇ ದಿನ ಬೆಳಿಗ್ಗೆ ಡೋರಿಯ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

ಅಂದು ನಮ್ಮ ಮನೆಯಲ್ಲಿ ಧನ್ವಂತರಿಗಳ ಜಾತ್ರೆ. “ನಾನು ಹೇಳಲಿಲ್ಲವಾ ಮೇಡಂ?” ಎಂದ ಅಂಗಡಿ ಹುಡುಗ. “ದೃಷ್ಟಿ ಕಣೇ, ಬರಿಯ ದೃಷ್ಟಿ” ಎಂದರು ಅತ್ತೆ. ಮೇಷ್ಟ್ರು ಎರಡು ಸಲ ಕಾಫಿ ಕುಡಿದರು. ಮೂರನೇ ಮಹಡಿಯಾಕೆ ಸಿಗಡಿಗಳನ್ನು ಪ್ರೀತಿಯಿಂದ ನೋಡುತ್ತ ನಿಂತರು. ನಮ್ಮ ಯಜಮಾನರೊಬ್ಬರೇ ಮಂಕಾಗಿ ಕೂತಿದ್ದರು. ರೋಗಿ ಗುಣವಾದಾಗ ಮನೆಯವರು ಅಳುವುದನ್ನು ನಾನು ಅಂದೇ ನೋಡಿದ್ದು.

“ವಾಸಿ ಆಗಿಲ್ಲ ಕಣೇ. ಅವು ಇಳಿದಿವೆ ಅಷ್ಟೆ.”

ಈ ಪರೋಪಜೀವಿಯ ದಿನಚರಿ ಕೇಳಿದರೆ ನೀವೂ ಮಂಕಾಗುತ್ತೀರಿ. ಹೆಸರು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್. ಹೆಸರಿನಲ್ಲೇ ಕಿರಿಕಿರಿ ಇದೆ. ಜಪಾನಿನ ಸಿಕಾಮಾ 1937ರಲ್ಲೇ ಇದನ್ನು ಕಂಡು ಬರೆದಿದ್ದರು, ನಾಮಕರಣ ಮಾತ್ರ 1951ರಲ್ಲಿ ಲಂಡನ್ನಿನಲ್ಲಿ ಬ್ರೌನ್ ಎಂಬ ವಿಜ್ಞಾನಿಯಿಂದ ಆಯಿತು. ಒಂದೇ ಜೀವಕೋಶದ ಪ್ರಾಣಿ. ಮೀನಿನ ಚರ್ಮದ ಮೇಲಲ್ಲ, ಮೇಲ್ಪದರದ ಅಡಿಗೆ ನುಗ್ಗಿ ಕೂರುತ್ತದೆ. ಹಾಗಾಗಿ ಸಿಗಡಿ ಎಷ್ಟು ಹೆಕ್ಕಿದರೂ ಅದರ ಕೈಗೆ ಸಿಗುವುದು ಕಷ್ಟ. ಅಲ್ಲಿ ಮೂರರಿಂದ ಏಳು ದಿನ ಉಂಡು ದಪ್ಪವಾಗಿ, ತಾನಾಗಿಯೇ ಉದುರಿ ಬೀಳುತ್ತದೆ. ಬೆಳ್ಳುಳ್ಳಿ ತಿನ್ನಿಸಿದರೂ ಬೀಳುತ್ತದೆ, ತಿನ್ನಿಸದಿದ್ದರೂ ಬೀಳುತ್ತದೆ. ನಿವಾಳಿಸಿದರೂ ಅಷ್ಟೇ, ಮಂಗಳಾರತಿ ಎತ್ತಿದರೂ ಅಷ್ಟೇ. ಐದು ದಿನದ ಗಡುವು ಹೇಳುವ ಯಾವ ವೈದ್ಯನೂ ಈ ರೋಗದಲ್ಲಿ ಸಾಮಾನ್ಯವಾಗಿ ಸೋಲುವುದಿಲ್ಲ.

ಉದುರಿದ್ದು ತಳದ ಮರಳಿನಲ್ಲೋ ಬಂಡೆಯ ಸಂದಿನಲ್ಲೋ ಗಟ್ಟಿ ಕೋಶ ಕಟ್ಟಿಕೊಂಡು ಒಳಗೇ ಒಡೆದು ಒಡೆದು ನೂರಾರಾಗುತ್ತದೆ. ಆಮೇಲೆ ಮರಿಗಳು ಈಜುತ್ತ ಹೊರಬಂದು ಮೀನು ಹುಡುಕುತ್ತವೆ. ಅವು ಹೆಚ್ಚಾಗಿ ಹೊರಡುವ ಹೊತ್ತು ಬೆಳಗಿನ ಜಾವದ ಕತ್ತಲು, ಮೀನು ಒಂದೆಡೆ ಸುಮ್ಮನೆ ಮಲಗಿರುವಾಗ. ಇದನ್ನು ಕೇಳಿ ಅತ್ತೆಯವರಿಗೆ ಒಳಗೊಳಗೇ ಗೌರವ ಹುಟ್ಟಿತು. “ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು ಈ ಮನೆಯಲ್ಲಿ ಅದೊಂದಾದರೂ ಇದೆಯಲ್ಲ” ಎಂದರು. ನಾನು ಮಾತಾಡಲಿಲ್ಲ.

ತೆರೆದ ಕಡಲಿನಲ್ಲಿ ಇದು ಅಷ್ಟೇನೂ ದೊಡ್ಡ ಶತ್ರುವಲ್ಲ. ಇದು ಮೊಟ್ಟೆಯಂಥ ಕೋಶ ಒಡೆದು ಬರುವಷ್ಟರಲ್ಲಿ ಮೀನು ಎಲ್ಲಿಗೋ ಹೋಗಿರುತ್ತದೆ. ಒಂದೆರಡು ದಿನದೊಳಗೆ ಮೀನು ಸಿಗದ ಮರಿ ಸಾಯುತ್ತದೆ. ನಾಲ್ಕಡಿ ತೊಟ್ಟಿಯಲ್ಲಿ ಡೋರಿ ಎಲ್ಲಿಗೆ ಹೋದೀತು? ದಿನವೂ ಅದೇ ಬಂಡೆಯ ಮೂಲೆಯಲ್ಲಿ ಮಲಗುತ್ತದೆ. ಇವರ ಮಂಕಿಗೆ ಕಾರಣ ಇದು. ಸ್ವಲ್ಪ ದಿನಕ್ಕೆ ಚುಕ್ಕೆಗಳು ಬಳಗ ಕಟ್ಟಿಕೊಂಡು ವಾಪಸು ಬಂದವು, ಈ ಸಲ ಕ್ಲೌನ್ ಮೀನುಗಳ ಮೇಲೂ. ಧನ್ವಂತರಿಗಳಲ್ಲಿ ಒಬ್ಬರೂ ಕಾಫಿಗೆ ಬರಲಿಲ್ಲ. ಬಂದಿದ್ದರೆ ಮೇಷ್ಟ್ರಿಗೆ ಹೇಳುತ್ತಿದ್ದೆ: ಸಿಹಿನೀರಿನ ಬಿಳಿ ಚುಕ್ಕೆ ಹುಳು ಬೇರೆಯೇ ಕುಲದ್ದು, ನೋಡುವುದಕ್ಕೆ ಮಾತ್ರ ಒಂದೇ ಥರ, ಅದಕ್ಕೆ ನಾಟುವ ಬಿಸಿ ಇದಕ್ಕೆ ನಾಟುವುದಿಲ್ಲ.

ನಿಜವಾದ ಔಷಧಗಳಲ್ಲಿ ಹಳೆಯದು ತಾಮ್ರ. ಇದನ್ನು ಇವರು ಬಾಯ್ತಪ್ಪಿ ಅತ್ತೆಯವರ ಎದುರು ಹೇಳಿಬಿಟ್ಟರು.

“ತಾಮ್ರದ ಚೊಂಬಿನಲ್ಲಿ ನೀರಿಟ್ಟು ಕುಡಿಯೋ ಎಂದು ಮೂವತ್ತು ವರ್ಷದಿಂದ ಬಡಕೊಂಡೆ, ನೀನು ಕೇಳಲಿಲ್ಲ. ಈಗ ಮೀನಿಗೆ ಬೇಕಾಯಿತಾ?” ಎಂದವರೇ ದೇವರಮನೆಯಿಂದ ಪಂಚಪಾತ್ರೆ ತಂದು, ತೊಟ್ಟಿಯಲ್ಲಿ ಮುಳುಗಿಸಿಡು ಎಂದರು.

ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಕರಗಿದ ತಾಮ್ರ, ಎರಡು ಮೂರು ವಾರ, ದಿನವೂ ಅಳತೆ ಮಾಡಿ ನಿಲ್ಲಿಸಬೇಕು; ಕಡಿಮೆಯಾದರೆ ಹುಳು ಬದುಕುತ್ತದೆ, ಹೆಚ್ಚಾದರೆ ಮೀನು ಸಾಯುತ್ತದೆ; ಸಿಗಡಿ, ಬಸವನಹುಳುಗಳಂತೂ ಅಷ್ಟಕ್ಕೇ ಸಾಯುತ್ತವೆ ಎಂದು ಇವರು ವಿವರಿಸುವಷ್ಟರಲ್ಲಿ ಪಂಚಪಾತ್ರೆ ಅರ್ಧ ನೀರಿನೊಳಗಿತ್ತು. ಅದನ್ನು ಹೊರಗೆ ತೆಗೆದು ಒರೆಸಿ, ಮಡಿಗೆ ಮತ್ತೆ ತೊಳೆದು, ದೇವರಮನೆಗೆ ತಲುಪಿಸುವ ಕೆಲಸ ನನ್ನ ಪಾಲಿಗೆ ಬಂತು.

ಕೊನೆಗೆ ಇವರು ಔಷಧವೇ ಇಲ್ಲದ ದಾರಿ ಹಿಡಿದರು. ಕೆಂಪು ಸಮುದ್ರದ ದಡದ ಐಲಾಟಿನಲ್ಲಿ ಕೆಲಸ ಮಾಡಿದ ಏಂಜೆಲೋ ಕೊಲೊರ್ನಿ ಎಂಬ ವಿಜ್ಞಾನಿ 1980ರ ದಶಕದಲ್ಲಿ ತೋರಿಸಿಕೊಟ್ಟದ್ದು. ಮೂರು ದಿನಕ್ಕೊಮ್ಮೆ ಮೀನನ್ನು ಬೇರೊಂದು ತೊಟ್ಟಿಗೆ ಸಾಗಿಸುವುದು, ಹಳೆಯದನ್ನು ತೊಳೆದು ಒಣಗಿಸುವುದು. ಉದುರಿದ ಹುಳುಗಳು ಹಳೇ ತೊಟ್ಟಿಯಲ್ಲೇ ಉಳಿದು, ಮರಿ ಹೊರಬರುವ ಮುನ್ನವೇ ಮೀನು ಮನೆ ಖಾಲಿ ಮಾಡಿರುತ್ತದೆ. ನಾಲ್ಕು ಸಲ ಹೀಗೆ ಮಾಡಿದರೆ ಮೈ ಶುದ್ಧ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದವರಿಗೆ ಈ ವಿದ್ಯೆ ಹೇಳಿಕೊಡಬೇಕಾಗಿಲ್ಲ. ಆದರೆ ಆ ಎರಡು ಪ್ಲಾಸ್ಟಿಕ್ ಟಬ್ಬುಗಳು ಇಳಿದುಕೊಂಡದ್ದು ನಮ್ಮ ಅತಿಥಿಗಳ ಕೋಣೆಯಲ್ಲಿ. ಮೀನು ಅವಿತುಕೊಳ್ಳಲೆಂದು ಒಳಗೆ ಪಿವಿಸಿ ಪೈಪಿನ ತುಂಡುಗಳು; ಮೇಲೆ ಫ್ಯಾನ್, ಎ.ಸಿ. ಅದೇ ವಾರ ಬಂದ ನನ್ನ ತಮ್ಮ ನಡುಮನೆಯಲ್ಲಿ ಚಾಪೆ ಹಾಸಿಕೊಂಡ. “ಅಕ್ಕ, ನಾನೂ ಮೂರು ದಿನಕ್ಕೆ ಖಾಲಿ ಮಾಡ್ತೀನಿ ಬಿಡು” ಎಂದ.

ಇದೆಲ್ಲ ಮುಗಿದರೂ ದೊಡ್ಡ ತೊಟ್ಟಿಯ ತಳದ ಕೋಶಗಳು ಹಾಗೇ ಇರುತ್ತವೆ. ಕೆಲವು 72 ದಿನದವರೆಗೂ ಕಾದು ಒಡೆದ ದಾಖಲೆ ಇದೆ. ಅದಕ್ಕೇ 76 ದಿನ ಮೀನಿಲ್ಲದೆ ತೊಟ್ಟಿಯನ್ನು ಬೀಳು ಬಿಡಬೇಕೆಂಬುದು ಇವರಂಥವರ ನಡುವಿನ ಲೆಕ್ಕ. ಆದ್ದರಿಂದ ಸದ್ಯ ನಮ್ಮ ನಡುಮನೆಯಲ್ಲಿ ದೀಪ ಉರಿಯುತ್ತದೆ, ಪಂಪು ತಿರುಗುತ್ತದೆ, ಕರೆಂಟ್ ಬಿಲ್ಲು ಬರುತ್ತದೆ, ಮೀನು ಮಾತ್ರ ಇಲ್ಲ. ಬಂದವರು ಗಾಜಿಗೆ ಮೂಗು ಒತ್ತಿ, “ಎಲ್ಲಿ, ಕಾಣೋದೇ ಇಲ್ಲ?” ಎನ್ನುತ್ತಾರೆ. ಇವರು ಉತ್ಸಾಹದಿಂದ ಪರೋಪಜೀವಿಯ ಜೀವನಚಕ್ರ ಶುರುಮಾಡುತ್ತಾರೆ. ಬಂದವರ ಕಾಫಿ ಆರಿಹೋಗುತ್ತದೆ.

ಹಾಗಾಗಿ ನಮ್ಮ ಮನೆಗೆ ಬರುವವರಲ್ಲಿ ನನ್ನ ಕೋರಿಕೆ ಇಷ್ಟು: ಮೀನೆಲ್ಲಿ ಎಂದು ಕೇಳಬೇಡಿ, ಸಿಗಡಿ ನೋಡಿ ಚೆನ್ನಾಗಿದೆ ಎನ್ನಿ. ಉಡುಗೊರೆಯಾಗಿ ಮೀನು ತರುವ ಮನಸ್ಸಿದ್ದರೆ ಒಂದು ತಿಂಗಳು ನಿಮ್ಮ ಮನೆಯಲ್ಲೇ ಇಟ್ಟುಕೊಂಡು ಆಮೇಲೆ ತನ್ನಿ. ಬೆಳ್ಳುಳ್ಳಿಯನ್ನು ಮಾತ್ರ ಧಾರಾಳವಾಗಿ ತರಬಹುದು. ಅತ್ತೆಯವರು ಈಗ ಸಾರಿಗೂ ಅಡ್ಡಿ ಮಾಡುತ್ತಿಲ್ಲ.