ಚಿಲ್ಡ್ ಬೇಡ ಶೆಟ್ರೇ

ನಮ್ಮ ಮುಂಬೈಯ ಪರ್ಮಿಟ್ ರೂಮುಗಳಲ್ಲಿ ಬಿಯರ್ ಕೇಳಿದರೆ ವೇಟರ್ ತಿರುಗಿ ಕೇಳುವುದು ಒಂದೇ ಮಾತು: ಸ್ಟ್ರಾಂಗಾ, ಮೈಲ್ಡಾ? ಚಿಲ್ಡ್ ಬೇಕೋ ಬೇಡವೋ ಅಂತ ಯಾರೂ ವಿಚಾರಿಸುವುದಿಲ್ಲ, ಅದೇನು ಕೇಳುವ ಸಂಗತಿಯೇ? ಮೇ ತಿಂಗಳಲ್ಲಿ ಸೀಎಸ್‌ಟಿಯಿಂದ ಡೊಂಬಿವಲಿವರೆಗೆ ಲೋಕಲಿನಲ್ಲಿ ನಿಂತುಕೊಂಡೇ ಬಂದವನಿಗೆ ಬಾಟಲಿಯ ಮೈಮೇಲೆ ಹನಿ ಕೂತಿರಬೇಕು, ಗ್ಲಾಸು ಹಿಡಿದರೆ ಬೆರಳು ಮರಗಟ್ಟಬೇಕು. ಸ್ಟ್ರಾಂಗ್ ಅಂದ್ರೆ ಬೇಗ ಏರುವುದು, ಅಷ್ಟೇ ಅಲ್ವಾ? ದೇಶದಲ್ಲಿ ಮಾರಾಟವಾಗುವ ಬಿಯರಿನಲ್ಲಿ ಬಹುಪಾಲು ಸ್ಟ್ರಾಂಗೇ ಇರುವುದು ಸುಮ್ಮನೆ ಅಲ್ಲ.

ಆದರೆ ಬಿಯರನ್ನು ಗಟ್ಟಿ ಮಾಡುವುದಕ್ಕೆ ಇನ್ನೊಂದು ಕಾರಣ ಇತ್ತು ನೋಡಿ, ಅದನ್ನು ನಾವು ಪೂರಾ ಮರೆತುಬಿಟ್ಟಿದ್ದೇವೆ. ಏರಲಿ ಅಂತಲ್ಲ, ಬಾಳಲಿ ಅಂತ.

ಈ ಮಾತು ಬಂದದ್ದು ನಮ್ಮ ಬಿಲ್ಡಿಂಗಿನ ಶೆಟ್ರ ಗ್ಯಾಲರಿಯಲ್ಲಿ. ಅವರ ಗ್ಯಾಲರಿಗೂ ನನ್ನದಕ್ಕೂ ನಡುವೆ ಒಂದು ಕಬ್ಬಿಣದ ಜಾಲರಿ, ಅದರ ಮೇಲೆ ಅವರ ಮನೆಯ ತೊಂಡೆಬಳ್ಳಿ. ಶೆಟ್ರು ಮೂಲ್ಕಿ ಕಡೆಯವರು. ಹುಡುಗರಾಗಿದ್ದಾಗ ಬಂದು ಫೋರ್ಟಿನ ಕ್ಯಾಂಟೀನೊಂದರಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಎಸ್ಸೆಸ್ಸಿ ಮುಗಿಸಿದವರು. ಆಮೇಲೆ ಸ್ವಂತ ಪರ್ಮಿಟ್ ರೂಮ್. ನಾನು ಅಂಥದ್ದೇ ಇನ್ನೊಂದು ನೈಟ್ ಸ್ಕೂಲಿನಲ್ಲಿ ಪಾಠ ಹೇಳಿದವನು, ಹಾಗಾಗಿ ಅವರಿಗೆ ಇವತ್ತಿಗೂ ‘ಮಾಷ್ಟ್ರು’. ಆ ಶಾಲೆಗಳ ಮಕ್ಕಳು ಎಣ್ಣೆ, ಸಾಂಬಾರಿನ ವಾಸನೆ ಹೊತ್ತುಕೊಂಡೇ ಕ್ಲಾಸಿಗೆ ಬರುತ್ತಿದ್ದರು. ಅವರಿಗೆ ವ್ಯಾಕರಣ ಹೇಳಿಕೊಡುವುದರಲ್ಲಿ ಒಂದು ಸುಖ ಇತ್ತು... ಅದಿರಲಿ, ಇನ್ನೊಂದು ದಿನದ ಮಾತು.

ಶೆಟ್ರ ತಂಗಿಯ ಮೊಮ್ಮಗ ಲಂಡನ್ನಿನಿಂದ ಬರುವಾಗ ಉದ್ದನೆಯ ಪೆಟ್ಟಿಗೆಯೊಂದನ್ನು ತಂದಿದ್ದ. ಒಳಗೆ ಅರ್ಧ ಲೀಟರಿನ ಬಾಟಲಿ: ಫುಲ್ಲರ್ಸ್ ವಿಂಟೇಜ್ ಏಲ್, 2016 (ಏಲ್ ಅಂದರೆ ಬಿಯರಿನದೇ ಒಂದು ಜಾತಿ). ಲಂಡನ್ನಿನ ಚಿಸಿಕ್‌ನಲ್ಲಿ 1997ರಿಂದ ವರ್ಷಕ್ಕೊಂದು ಬಗೆಯಂತೆ ಇದನ್ನು ಕಾಯಿಸಿ ಬಾಟಲಿಗೆ ತುಂಬುತ್ತಾ ಬಂದಿದ್ದಾರೆ. ಮಾಲ್ಟ್, ಕಹಿ ಕೊಡುವ ಹಾಪ್ಸ್ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುತ್ತವೆ. ಬಾಟಲಿಯೊಳಗೂ ಯೀಸ್ಟ್ ಇರುವಂತೆ ತುಂಬುತ್ತಾರೆ. ಶೆಟ್ರ ಹೆಂಡತಿ ಇಸವಿ ಓದಿದ್ದೇ ತಡ, “ಅಯ್ಯೋ ದೇವರೇ, ಇದು ಕೆಟ್ಟು ಎಷ್ಟು ವರ್ಷ ಆಯ್ತು” ಅಂತ ಬಾಟಲಿಯನ್ನು ತಳ್ಳಿದರು. ಶೆಟ್ರು ಬೆಳಕಿಗೆ ಹಿಡಿದು ನೋಡಿ, “ಎಂತ ಮಾರಾಯ್ರೆ, ಅಡಿಯಲ್ಲಿ ಕಸ ಉಂಟು. ನನ್ನ ಬಾರಿನಲ್ಲಾದ್ರೆ ವಾಪಸ್ ಕಳಿಸ್ತಿದ್ದೆ” ಅಂದರು. ಆ ಕಸವೇ ಯೀಸ್ಟು. ಅದು ಇದ್ದದ್ದರಿಂದಲೇ ಬಾಟಲಿ ಇಷ್ಟು ವರ್ಷ ಬದುಕಿತು ಅಂದರೆ ಯಾರಿಗಾದರೂ ನಂಬಿಕೆ ಬರುತ್ತಾ?

ಲೇಬಲ್ಲಿನಲ್ಲಿ ಎಂಟೂವರೆ ಪರ್ಸೆಂಟು ಅಂತ ಇತ್ತು. ಇಲ್ಲೊಂದು ತಮಾಷೆ ಇದೆ. ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮದಲ್ಲಿ 5ರವರೆಗೆ ಮೈಲ್ಡ್, 5 ದಾಟಿದರೆ ಸ್ಟ್ರಾಂಗ್, 8ಕ್ಕೆ ಗೆರೆ. ಅಂದಮೇಲೆ ನಮ್ಮ ವೇಟರನ ಪ್ರಶ್ನೆಗೆ ಈ ಬಾಟಲಿಯಲ್ಲಿ ಉತ್ತರವೇ ಇಲ್ಲ! ಸ್ಟ್ರಾಂಗಿಗಿಂತ ಅರ್ಧ ಪರ್ಸೆಂಟು ಆಚೆ ನಿಂತಿದೆ.

ಕಾನೂನಿನ ಮಾತು ಬಂತಲ್ಲ, ಪರ್ಮಿಟ್ ನೆನಪಾಯಿತು. 1949ರ ಬಾಂಬೆ ಪ್ರೊಹಿಬಿಷನ್ ಆಕ್ಟ್ ಪ್ರಕಾರ ಮಹಾರಾಷ್ಟ್ರದಲ್ಲಿ ಕುಡಿಯುವವರ ಕೈಯಲ್ಲಿ ಒಂದು ಚೀಟಿ ಇರಬೇಕು. ಆ ಚೀಟಿಯಲ್ಲಿ, ಇವರಿಗೆ ಆರೋಗ್ಯ ಕಾಪಾಡಿಕೊಳ್ಳಲು ಮದ್ಯ ಅವಶ್ಯ ಅಂತ ಬರೆದಿರುತ್ತದೆ. ಶೆಟ್ರ ಹತ್ತಿರ ತಮ್ಮದೇ ಹಳೇ ಪರ್ಮಿಟ್ ಇನ್ನೂ ಇದೆ, ರೇಷನ್ ಕಾರ್ಡಿನ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ. ಆ ಚೀಟಿಯಿಂದಲೇ ಅಲ್ವಾ ನಮ್ಮವರ ನೂರಾರು ಬಾರುಗಳಿಗೆ ಪರ್ಮಿಟ್ ರೂಮ್ ಅಂತ ಹೆಸರು ಅಂಟಿಕೊಂಡದ್ದು?

ಸರಿ, ಬಾಟಲಿಗೆ ಬರೋಣ. ಶೆಟ್ರು ಅಭ್ಯಾಸಬಲದಿಂದ ಅದನ್ನು ಫ್ರೀಜರಿಗೆ ತಳ್ಳಲು ಹೊರಟಿದ್ದರು. “ಚಿಲ್ಡ್ ಬೇಡ ಶೆಟ್ರೇ” ಅಂತ ನಾನು ಕೈ ಹಿಡಿದೆ. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟು, ಹನ್ನೆರಡು ಹದಿಮೂರು ಡಿಗ್ರಿಗೆ ಬಂದಾಗ ಮಾತ್ರ ಇಂಥ ಏಲ್ ಬಾಯಿ ಬಿಡುವುದು. ತೀರಾ ತಣ್ಣಗಿದ್ದರೆ ನಾಲಿಗೆಗೆ ಸಿಹಿಯೂ ಗೊತ್ತಾಗುವುದಿಲ್ಲ, ಮೂಗಿಗೆ ಪರಿಮಳವೂ ಏರುವುದಿಲ್ಲ.

ಅಂದಹಾಗೆ ಈ ಊರಿಗೆ ಮಂಜುಗಡ್ಡೆಯ ಹುಚ್ಚು ಹಿಡಿದದ್ದು ಇವತ್ತು ನಿನ್ನೆಯಲ್ಲ. 1830ರ ದಶಕದಲ್ಲೇ ಅಮೆರಿಕದ ಕೆರೆಗಳಿಂದ ಕೊಯ್ದ ಮಂಜುಗಡ್ಡೆ ಹೊಟ್ಟಿನಲ್ಲಿ ಹುದುಗಿಕೊಂಡು ಹಡಗಿನಲ್ಲಿ ಬಾಂಬೆಗೆ ಬರುತ್ತಿತ್ತು. ಕಾಲಾ ಘೋಡಾ ಹತ್ತಿರ ಸೇಂಟ್ ಆಂಡ್ರ್ಯೂಸ್ ಚರ್ಚಿನ ಪಕ್ಕದಲ್ಲಿ ಅದಕ್ಕೊಂದು ದುಂಡನೆಯ ಐಸ್ ಹೌಸೇ ಇತ್ತು. ಜಮ್ಶೆಟ್‌ಜಿ ಜೀಜೀಭಾಯಿ ತಮ್ಮ ಔತಣದಲ್ಲಿ ಐಸ್‌ಕ್ರೀಮ್ ಬಡಿಸಿದರೆ, ತಿಂದವರಿಗೆ ಶೀತವಾಯಿತು ಅಂತ ಆಗಿನ ಬಾಂಬೆ ಸಮಾಚಾರ್ ಬರೆಯಿತಂತೆ.

ಅದಕ್ಕೂ ಮೊದಲಿನ ಕಾಲ ನೋಡಿ, ಐಸ್ ಇಲ್ಲ, ಫ್ರಿಜ್ ಇಲ್ಲ. ಲಂಡನ್ನಿನ ಪೂರ್ವಕ್ಕೆ ಬೋ ಎಂಬಲ್ಲಿ ಹಾಡ್ಜ್‌ಸನ್ ಅನ್ನುವವರ ಬ್ರೂವರಿ, ಪಕ್ಕದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಲಂಗರು ಹಾಕುವ ಜಾಗ. ಸುಗ್ಗಿ ಮುಗಿದ ಮೇಲೆ ಅಕ್ಟೋಬರಿನಲ್ಲಿ ಹೊಸ ಮಾಲ್ಟು, ಹೊಸ ಹಾಪ್ಸು ಧಾರಾಳವಾಗಿ ಹಾಕಿ ಗಟ್ಟಿ ಏಲ್ ಮಾಡಿ, ಶ್ರೀಮಂತರ ನೆಲಮಾಳಿಗೆಗಳಲ್ಲಿ ಎರಡು ವರ್ಷದ ತನಕ ಕೂಡಿಡುವುದು ಅಲ್ಲಿನ ರೂಢಿ. ಆ ಜಾತಿಯ ಏಲ್ ಪೀಪಾಯಿಗಳು ಹಡಗು ಹತ್ತಿ, ಕೇಪ್ ಆಫ್ ಗುಡ್ ಹೋಪ್ ಸುತ್ತಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ನಾಲ್ಕೈದು ತಿಂಗಳ ಮೇಲೆ ನಮ್ಮ ಬಂದರಿನಲ್ಲಿ ಇಳಿಯುತ್ತಿದ್ದವು. ಅದು ಭಾರತಕ್ಕಾಗಿಯೇ ಯಾರೋ ಹೊಸದಾಗಿ ಕಂಡುಹಿಡಿದ ಬಿಯರ್ ಅಂತ ಬಹಳ ಜನ ಹೇಳುತ್ತಾರೆ. ಹಾಗೇನಲ್ಲ, ಇದ್ದ ಏಲೇ ಇಲ್ಲಿಗೆ ಒಗ್ಗಿತು ಅಂತ ಮಾರ್ಟಿನ್ ಕಾರ್ನೆಲ್ ಎಂಬ ಬಿಯರ್ ಇತಿಹಾಸಕಾರರು ಹಳೇ ಜಾಹೀರಾತುಗಳನ್ನೆಲ್ಲ ಜಾಲಾಡಿ ತೋರಿಸಿದ್ದಾರೆ. ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಆಗುವ ಕೆಲಸವನ್ನು ಸಮುದ್ರದ ಸೆಕೆಯೂ ಕುಲುಕಾಟವೂ ತಿಂಗಳುಗಳಲ್ಲಿ ಮುಗಿಸಿಕೊಡುತ್ತಿದ್ದವು. ಅಂದರೆ ಹಳತಾದ ಗಟ್ಟಿ ಏಲ್ ಮುಂಬೈಗೆ ಹೊಸ ನೆಂಟ ಅಲ್ಲವೇ ಅಲ್ಲ.

ಗ್ಲಾಸಿಗೆ ಮೆಲ್ಲಗೆ ಬಗ್ಗಿಸಿದೆವು, ಅಡಿಯ ಒಂದು ಬೆರಳಷ್ಟನ್ನು ಬಾಟಲಿಯಲ್ಲೇ ಉಳಿಸಿ. ತಾಮ್ರದ ಬಣ್ಣ. ನೊರೆ ಅಷ್ಟಕ್ಕಷ್ಟೇ, ಎದ್ದಷ್ಟೇ ಬೇಗ ಕೂತಿತು. ಶೆಟ್ರು ಅದನ್ನೂ ಅನುಮಾನದಿಂದ ನೋಡಿದರು. ಮೂಗಿನ ಹತ್ತಿರ ತಂದರೆ ಕಿತ್ತಳೆ ಸಿಪ್ಪೆ, ಅದರ ಹಿಂದೆ ಉತ್ತುತ್ತೆ, ಒಣದ್ರಾಕ್ಷಿ. ಬಾಯಿಗೆ ಹಾಕಿಕೊಂಡರೆ ಮೊದಲು ಸಿಹಿ, ಆಮೇಲೆ ಬೆಚ್ಚಗೆ ಎದೆಗೆ ಇಳಿಯುವ ಕಾವು, ಕಹಿ ಎಲ್ಲೋ ದೂರದಲ್ಲಿ. ಹಾಪ್ಸಿನ ಕಹಿ ವರ್ಷ ಕಳೆದಂತೆ ಹಿಂದೆ ಸರಿಯುತ್ತದೆ, ಮಾಲ್ಟು ಮುಂದೆ ಬರುತ್ತದೆ. ಮುಚ್ಚಳದ ಸಂದಿಯಿಂದ ಕಣಕಣವಾಗಿ ನುಸುಳುವ ಗಾಳಿಯೂ ತನ್ನ ಕೈಚಳಕ ತೋರಿಸುತ್ತದೆ.

ನನಗೆ ಥಟ್ಟನೆ ನೆನಪಾದದ್ದು ನಮ್ಮಜ್ಜಿಯ ಹಳೇ ಹುಣಸೆ. ಉಪ್ಪು ಬೆರೆಸಿ ಉಂಡೆ ಕಟ್ಟಿ ಭರಣಿಯಲ್ಲಿ ಅದುಮಿಟ್ಟದ್ದು ಎರಡು ಮಳೆಗಾಲ ದಾಟಿದ ಮೇಲೆ ಕಪ್ಪಗಾಗುತ್ತಿತ್ತು. ಹೊಸ ಹುಣಸೆಯಲ್ಲಿ ಬರೀ ಹುಳಿ. ಹಳೇದರಲ್ಲಿ ಹುಳಿಯ ಬೆನ್ನಿಗೇ ಒಂದು ಗಾಢವಾದ ಸಿಹಿ, ಸಾರಿಗೆ ಹಾಕಿದರೆ ಮನೆಯೆಲ್ಲ ಘಮ. ಬಾಣಂತಿಯ ಸಾರಿಗೆ ಹಳೇದೇ ಆಗಬೇಕು ಅಂತ ಅಜ್ಜಿ ಹಠ ಹಿಡಿಯುತ್ತಿದ್ದಳು. ಶೆಟ್ರಿಗೆ ಇದನ್ನು ಹೇಳಿದ ಮೇಲೇ ಅವರು ಎರಡನೇ ಗುಟುಕನ್ನು ಬಾಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿಕೊಂಡದ್ದು. “ಹೌದು ಮಾಷ್ಟ್ರೇ, ಉಂಟು” ಅಂದರು.

ಚಕನಾಕ್ಕೆ ಅವರು ಶೇಂಗಾ, ಚಕ್ಕುಲಿ ಇಟ್ಟಿದ್ದರು, ಅದೇನೋ ಹೊಂದಲಿಲ್ಲ. ನಮ್ಮ ಮನೆಯಲ್ಲಿ ಧಾರವಾಡ ಪೇಡ ಇತ್ತು, ಜಾಲರಿಯ ಮೇಲಿಂದ ದಾಟಿಸಿದೆ. ನೀವು ನಂಬಲಿಕ್ಕಿಲ್ಲ, ಇದಕ್ಕಿಂತ ಒಳ್ಳೆಯ ಜೋಡಿ ಬೇಡವೇ ಬೇಡ. ಹಾಲನ್ನು ಕೆಂಪಗೆ ಕಾಸುವಾಗ ಬರುವ ಬಣ್ಣವೂ ಪರಿಮಳವೂ, ಬಾರ್ಲಿಯನ್ನು ಮಾಲ್ಟ್ ಮಾಡಿ ಶಾಖದಲ್ಲಿ ಒಣಗಿಸುವಾಗ ಬರುವ ಬಣ್ಣವೂ ಪರಿಮಳವೂ ಒಂದೇ ರಾಸಾಯನಿಕ ಕ್ರಿಯೆಯಿಂದ ಹುಟ್ಟುತ್ತವೆ. ಹೊಂದದೆ ಇನ್ನೇನು?

ಅರ್ಧ ಲೀಟರು ಇಬ್ಬರಿಗೆ ಎರಡು ಗಂಟೆ ಬಂತು. ಗ್ಲಾಸು ಬೆಚ್ಚಗಾದಂತೆ ಪ್ರತಿ ಗುಟುಕೂ ಬೇರೆ. ಆ ಹೊತ್ತಿನಲ್ಲಿ ಇಂಗ್ಲೆಂಡಿನ ಬರ್ಟನ್ನಿನ ರ್ಯಾಟ್‌ಕ್ಲಿಫ್ ಏಲ್ ಕಥೆ ಹೇಳಿದೆ. ಬ್ರೂವರಿಯ ಪಾಲುದಾರರ ಮನೆಯಲ್ಲಿ ಮಗು ಹುಟ್ಟಿದ ಸಂತೋಷಕ್ಕೆ 1869ರಲ್ಲಿ, ಸೂಯೆಜ್ ಕಾಲುವೆ ತೆರೆದ ವರ್ಷವೇ, ಕಾಯಿಸಿ ಇಟ್ಟ ಏಲ್ ಅದು. ಅದರ ಬಾಟಲಿಗಳನ್ನು ನಮ್ಮ ಕಾಲದಲ್ಲೂ ತೆರೆದು ಕುಡಿದವರಿದ್ದಾರೆ. ಕಾದಂಬರಿಕಾರ ಥಾಮಸ್ ಹಾರ್ಡಿ ತೀರಿಕೊಂಡು ನಲವತ್ತು ವರ್ಷವಾದಾಗ, 1968ರಲ್ಲಿ, ಡಾರ್ಚೆಸ್ಟರಿನಲ್ಲಿ ಅವರ ಹೆಸರಿನಲ್ಲೇ ಒಂದು ಏಲ್ ಮಾಡಿ, ಇದು ಇಪ್ಪತ್ತೈದು ವರ್ಷ ಬಾಳುತ್ತದೆ ಅಂತ ಹೇಳಿದರು.

ಶೆಟ್ರು ಕೂತಲ್ಲೇ ಲೆಕ್ಕ ಹಾಕಿದರು. ಮೊಮ್ಮಗಳು ಹುಟ್ಟಿದ ಇಸವಿಯ ಬಾಟಲಿ ತರಲು ಹುಡುಗನಿಗೆ ಅಲ್ಲಿಂದಲೇ ಫೋನು. ಇಲ್ಲಿ ಬಿಯರ್ ಕುಡಿಯಲು ವಯಸ್ಸು 21 ತುಂಬಬೇಕು, ಅಲ್ಲಿಯವರೆಗೆ ಇಡುವುದಂತೆ! ಡೊಂಬಿವಲಿಯ ಸೆಕೆಗೆ ಕಪಾಟಿನಲ್ಲಿಟ್ಟರೆ ಒಂದೆರಡು ವರ್ಷದಲ್ಲೇ ಒದ್ದೆ ರಟ್ಟಿನ ರುಚಿ ಬಂದೀತು, ಬೆಳಕು ತಾಗದ ಹಾಗೆ, ಅಡ್ಡ ಮಲಗಿಸದೆ ನೆಟ್ಟಗೆ, ತಂಪಿನಲ್ಲೇ ಇಡಬೇಕು ಅಂದೆ. ಹಾಗಾದರೆ ಫ್ರಿಜ್ಜಿನ ಬಾಗಿಲಿನಲ್ಲಿ, ಮಜ್ಜಿಗೆ ಬಾಟಲಿಯ ಪಕ್ಕ ಅಂತ ಅವರು ತೀರ್ಮಾನಿಸಿದರು. ಒಳಗಿನಿಂದ ಅವರ ಹೆಂಡತಿ, “ಇಪ್ಪತ್ತೊಂದು ವರ್ಷ ಆ ಜಾಗ ನಾನು ಬಿಟ್ಟುಕೊಡುದಿಲ್ಲ, ಮಾಷ್ಟ್ರ ಫ್ರಿಜ್ಜಲ್ಲಿ ಇಡಿ” ಅಂದರು. ನಮ್ಮ ಮನೆಯಲ್ಲಿ ಇನ್ನೂ ಕೇಳಿಲ್ಲ ನಾನು. ಮೊಸರಿನ ಪಾತ್ರೆಯನ್ನು ಒಂದಿಷ್ಟು ಸರಿಸಿದರೆ ಜಾಗವಾದೀತು, ಅಲ್ವಾ?