ಮುಟಗಿ ಮೀಮಾಂಸೆ

ಕೃಷ್ಣಾನದಿಯ ಎರೆಭೂಮಿಯ ಸೀಮೆಯಲ್ಲಿ, ಜಮಖಂಡಿಯ ಆಸುಪಾಸಿಗೆ ಸೇರಿದ ತುಬಚಿಯೆಂಬ ಗ್ರಾಮವೊಂದುಂಟು. ಬಬಲೇಶ್ವರದೊಡನೆ ಜಂಟಿಯಾಗಿ ಏತ ನೀರಾವರಿ ಯೋಜನೆಯೊಂದಕ್ಕೆ ತನ್ನ ಹೆಸರನ್ನಿತ್ತು ವೃತ್ತಪತ್ರಿಕೆಗಳಲ್ಲಿ ಸ್ಥಾನ ಪಡೆದ ಈ ಗ್ರಾಮದಲ್ಲಿಯೂ, ಸುತ್ತಣ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿಯೂ ಶಿಶುಗಳ ಉದರಪೋಷಣೆಗೆ ಎಷ್ಟೋ ತಲೆಮಾರುಗಳಿಂದ ಆಧಾರವಾಗಿರುವ ಮುಟಗಿಯನ್ನು ಕುರಿತು ನಮ್ಮ ವಿದ್ವಾಂಸರು ತಾಳಿರುವ ಮೌನವು, ಅವರೂ ಬಾಲ್ಯದಲ್ಲಿ ಅದನ್ನು ತಿಂದೇ ಬೆಳೆದವರಾಗಿರುವುದರಿಂದ, ಅಜ್ಞಾನವೆನಿಸದೆ ಕೃತಘ್ನತೆಯೆಂದೇ ಎನಿಸುತ್ತದೆ. ಪೂರ್ವಮೀಮಾಂಸಕರು ಅಧಿಕರಣವೊಂದಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿಗಳೆಂಬ ಐದು ಅವಯವಗಳನ್ನು ವಿಧಿಸಿರುವರಷ್ಟೆ. ಹಸಿವು ಅವಕಾಶ ಕೊಟ್ಟಷ್ಟು ದೂರ ನಾನು ಆ ಕ್ರಮವನ್ನೇ ಅನುಸರಿಸುವೆನು.

ವಿಷಯವಿದು. ಜೋಳದ ಹಿಟ್ಟಿಗೆ ಕುದಿಯುವ ಎಸರು ಹೊಯ್ದು, ನಾದಿ, ನಿತ್ಯದ ರೊಟ್ಟಿಗಿಂತ ದಪ್ಪನಾಗಿ ಬಡಿದು, ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರಿ, ಮಗುಚಿ ಬೇಯಿಸಿ, ಇನ್ನೂ ಹಬೆಯಾಡುತ್ತಿರುವಾಗಲೇ ಅದನ್ನು ಚೂರುಮಾಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಒಣಮೆಣಸಿನಕಾಯಿಗಳನ್ನು ಒಳಕಲ್ಲಿನಲ್ಲಿ ಕುಟ್ಟಿದ ಖಾರವನ್ನೂ ಒಂದು ಧಾರೆ ಕುಸುಬಿ ಎಣ್ಣೆಯನ್ನೂ ಕೂಡಿಸಿ, ಅಂಗೈಯಲ್ಲಿ ಹಿಚುಕಿ ಹಿಚುಕಿ, ಐದು ಬೆರಳುಗಳ ಅಚ್ಚು ಮೂಡುವಂತೆ ಮುಷ್ಟಿಯಲ್ಲಿ ಬಿಗಿದು ತೆಗೆದ ಮುದ್ದೆಯೇ ಮುಟಗಿ. ಗೋದಿಗೆ ಇರುವ ಗ್ಲುಟೆನ್ ಎಂಬ ಅಂಟು ಜೋಳಕ್ಕೆ ದೈವದತ್ತವಾಗಿಲ್ಲ. ಬಿಸಿ ಎಸರಿನಲ್ಲಿ ಪಿಷ್ಟವು ಊದಿಕೊಂಡು ಹುಟ್ಟುವ ಜಿಗಿಯೊಂದೇ ಅದರ ಬಂಡವಾಳ. ರೊಟ್ಟಿ ಆರಿತೆಂದರೆ ಆ ಪಿಷ್ಟವು ಸೆಟೆದುಕೊಂಡು, ಯಾವ ಮುಷ್ಟಿಗೂ ಮಣಿಯದಂತಾಗುವುದರಿಂದ, ಮುಟಗಿಯ ಶುಭಮುಹೂರ್ತವು ಪಂಚಾಂಗದ ಯಾವ ಮುಹೂರ್ತಕ್ಕಿಂತಲೂ ಹ್ರಸ್ವವಾದದ್ದು. ಕೈ ಸುಡುವುದಿಲ್ಲವೇ ಎಂದು ಕೇಳಿದ ನನಗೆ ತುಬಚಿಯ ಕಡೆಯ ಆಯಿಯೊಬ್ಬರು ಕೊಟ್ಟ ಉತ್ತರವನ್ನು ಪಾಠಾಂತರವಿಲ್ಲದೆ ಇಲ್ಲಿ ದಾಖಲಿಸುತ್ತೇನೆ: “ಸುಡತೈತ್ರಿ. ಅದಕ್ಕ ಲಗೂ ಲಗೂ ಹಿಚಕಬೇಕು.”

ಇನ್ನು ಸಂಶಯ. ಮುಟಗಿಯು ರೊಟ್ಟಿಯೋ, ರೊಟ್ಟಿಯಿಂದ ಭಿನ್ನವಾದ ಪದಾರ್ಥಾಂತರವೋ? ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುವುದೆನ್ನುವ ಸಾಂಖ್ಯರ ಸತ್ಕಾರ್ಯವಾದವನ್ನು ಒಪ್ಪಿದರೆ, ಬುಟ್ಟಿಯಲ್ಲಿ ಪೇರಿಸಿಟ್ಟ ಪ್ರತಿಯೊಂದು ರೊಟ್ಟಿಯೊಳಗೂ ಒಂದೊಂದು ಮುಟಗಿಯು ಸುಪ್ತವಾಗಿರುವುದೆಂದಾಯಿತು. ಈ ಪಕ್ಷವನ್ನು ನಮ್ಮ ಸೀಮೆಯಲ್ಲಿ ಬಹು ದೃಢವಾಗಿ ಪ್ರತಿಪಾದಿಸುವವರು ತಾಯಂದಿರು. ಹೊಲಕ್ಕೆ ಬುತ್ತಿ ಕಟ್ಟುವ ಅವಸರದಲ್ಲಿರುವ ತಾಯಿ, ತಟ್ಟೆಯ ಮುಂದೆ ಮುಖ ಊದಿಸಿ ಕುಳಿತ ಮಗನಿಗೆ, “ಅದೂ ರೊಟ್ಟಿನ, ಇದೂ ರೊಟ್ಟಿನ, ಅದಕ್ಕೂ ಉಪ್ಪು ಖಾರ, ಇದಕ್ಕೂ ಉಪ್ಪು ಖಾರ, ಹೊಟ್ಯಾಗ ಹೋದ ಮ್ಯಾಲ ಎಲ್ಲಾ ಒಂದ” ಎಂದು ಹೇಳುವಾಗ, ತಾನು ಕಪಿಲಮಹರ್ಷಿಯ ಪಕ್ಷವನ್ನು ವಹಿಸಿ ವಾದಿಸುತ್ತಿರುವೆನೆಂಬುದನ್ನು ಅರಿಯಳು. ಇದು ಪೂರ್ವಪಕ್ಷ.

ಸಿದ್ಧಾಂತವು ನೈಯಾಯಿಕರದು: ಕಾರ್ಯವು ಕಾರಣದಲ್ಲಿಲ್ಲದ ಹೊಸ ದ್ರವ್ಯ. ಇದಕ್ಕೆ ಪ್ರತ್ಯಕ್ಷವೇ ಪ್ರಮಾಣ. ರೊಟ್ಟಿಯನ್ನು ಕಂಡು ‘ಒಲ್ಲೆ’ ಎಂದ ಬಾಯಿಯೇ, ಅದೇ ಹಂಚಿನ ಅದೇ ರೊಟ್ಟಿಯು ಆಯಿಯ ಮುಷ್ಟಿಯನ್ನು ಹೊಕ್ಕು ಹೊರಬಂದೊಡನೆ ತೆರೆದುಕೊಳ್ಳುತ್ತದೆ. ಎರಡೂ ಒಂದೇ ಆಗಿದ್ದ ಪಕ್ಷದಲ್ಲಿ ನಿರಾಕರಣ ಸ್ವೀಕಾರಗಳೆರಡೂ ಏಕಕಾಲದಲ್ಲಿ ಒಂದೇ ವಸ್ತುವಿಗೆ ಸಲ್ಲಬೇಕಾಗಿ ಬಂದು ವಿರೋಧದೋಷವು ತಗಲುವುದು. ಸೊಸೆಯ ತರ್ಕವನ್ನು ಅತ್ತೆಯ ಕೈ ಹೀಗೆ ದಿನಬೆಳಗಾದರೆ ಖಂಡಿಸುತ್ತ ಬಂದಿರುವುದರಿಂದ ಕೆಲವು ಮನೆಗಳಲ್ಲಿ ದರ್ಶನಾಂತರಗಳ ಮನಸ್ತಾಪವು ಒಲೆಯ ಎರಡೂ ಬದಿಗೆ ಶಾಶ್ವತವಾಗಿ ನೆಲೆಸಿರುವುದನ್ನು ನಾನು ಬಲ್ಲೆ. ಆ ವಿಷಯವು ಪ್ರಕೃತಕ್ಕೆ ಹೊರತಾದುದು.

ಅರ್ಥಾಪತ್ತಿ ಪ್ರಮಾಣಕ್ಕೆ ಶಾಸ್ತ್ರಕಾರರು ಕೊಡುವ ದೃಷ್ಟಾಂತವನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲಾಗದು. ದೇವದತ್ತನು ದಪ್ಪಗಿದ್ದಾನೆ, ಆದರೆ ಹಗಲು ಉಣ್ಣುವುದಿಲ್ಲ; ಆದ್ದರಿಂದ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸತಕ್ಕದ್ದು. ಶಾಲೆಗೆ ಒಯ್ದ ಬುತ್ತಿಯನ್ನು ಹಾಗೆಯೇ ಮರಳಿ ತರುತ್ತಿದ್ದ ಹುಡುಗನ ಗಲ್ಲಗಳು ದಿನೇ ದಿನೇ ತುಂಬಿಕೊಳ್ಳುತ್ತಿದ್ದುದನ್ನು ಕಂಡ ತಂದೆಯು ಹಿತ್ತಲಿನ ಕಡೆಗೆ ದೃಷ್ಟಿ ಹಾಯಿಸಿ, ಅಲ್ಲಿ ಸೆರಗಿನ ಮರೆಯಲ್ಲಿ ನಡೆಯುತ್ತಿದ್ದ ಹಸ್ತಾಂತರವನ್ನು ಪತ್ತೆಹಚ್ಚಿದಾಗ ಈ ಪ್ರಮಾಣಕ್ಕೆ ಪುಷ್ಟಿ ದೊರೆಯಿತು. ಬಹುಶಃ ದೇವದತ್ತನಿಗೂ ಒಬ್ಬ ಆಯಿಯಿದ್ದಳು.

ಐತಿಹಾಸಿಕ ಭಾಗದಲ್ಲಿ ಸ್ವಲ್ಪ ವಿಸ್ತಾರವು ಅನಿವಾರ್ಯ. 10ನೆಯ ಶತಮಾನದ ಮಹಾಕವಿ ರನ್ನನು ಇದೇ ಮುಧೋಳದ ಸೀಮೆಯ ಬಳೆಗಾರ ಕುಲದಲ್ಲಿ ಜನಿಸಿದವನು. ಅವನ ಗದಾಯುದ್ಧದಲ್ಲಿ, ಕೊಳದೊಳಗೆ ಅಡಗಿದ್ದ ದುರ್ಯೋಧನನು ಭೀಮನ ಗರ್ಜನೆಯನ್ನು ಕೇಳಿ ನೀರಿನೊಳಗಿದ್ದೂ ಬೆವರಿದನೆಂಬ ಲೋಕವಿಖ್ಯಾತ ಕಲ್ಪನೆಯಿದೆ. ತಣ್ಣೀರಿನಲ್ಲಿ ಮುಳುಗಿದ್ದೂ ಬೆವರುವ ಅನುಭವವು ಮುಟಗಿಯ ಖಾರವನ್ನು ಬಾಲ್ಯದಲ್ಲಿ ಕಂಡುಂಡವನಿಗಲ್ಲದೆ ಅನ್ಯರಿಗೆ ಸ್ಫುರಿಸಲಾರದೆಂದೂ, ಭೀಮನು ವಿರಾಟನ ಅರಮನೆಯಲ್ಲಿ ಬಾಣಸಿಗನಾಗಿದ್ದುದು ಇದಕ್ಕೆ ಪೋಷಕವೆಂದೂ, ಆದಕಾರಣ ರನ್ನನು ಮುಟಗಿಯನ್ನು ತಿಂದೇ ಕಾವ್ಯರಚನೆಗೆ ಕುಳಿತನೆಂದೂ ವಾದಿಸಲು ನನ್ನ ಲೇಖನಿಯು ತವಕಿಸುತ್ತಿದೆ. ಆದರೆ ಎರಡು ಆಕ್ಷೇಪಗಳು ಅಡ್ಡಬರುತ್ತವೆ. ಮೆಣಸಿನಕಾಯಿಯು ಅಮೆರಿಕ ಖಂಡದ ಬೆಳೆ. ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿದ ತರುವಾಯ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಕರಾವಳಿಯನ್ನು ಸೇರಿ, ಮೆಲ್ಲಗೆ ಘಟ್ಟವನ್ನು ಏರಿದುದು. ರನ್ನನಿಗೂ ಅದಕ್ಕೂ ಐದು ಶತಮಾನಗಳ ಅಂತರ. ಅದು ಹೋಗಲಿ, ಬೆಳ್ಳುಳ್ಳಿಯಾದರೂ ಇತ್ತಲ್ಲವೇ ಎಂದರೆ, ಕವಿಯು ಜೈನ. ಜೈನರಿಗೆ ಬೆಳ್ಳುಳ್ಳಿ ವರ್ಜ್ಯ. ಹೀಗೆ ಒಂದನ್ನು ಕಾಲವೂ ಮತ್ತೊಂದನ್ನು ಧರ್ಮವೂ ಕಸಿದುಕೊಂಡ ಮೇಲೆ ಕವಿಚಕ್ರವರ್ತಿಯ ಪಾಲಿಗೆ ಉಳಿದದ್ದು ರೊಟ್ಟಿ, ಉಪ್ಪು, ಜೀರಿಗೆ, ಎಣ್ಣೆ. ಇಂಥ ಸಪ್ಪೆ ಮುದ್ದೆಯನ್ನು ತಿಂದು ಅಷ್ಟು ಖಾರವಾದ ಕಾವ್ಯವನ್ನು ಬರೆದನೆಂದರೆ ಅವನ ಪ್ರತಿಭೆಯು ನಾವು ತಿಳಿದುದಕ್ಕಿಂತ ದೊಡ್ಡದು.

ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಅನ್ನಭೋಗವನ್ನು ವರ್ಣಿಸುತ್ತ ಹೊಲದ ಇಲಿಯನ್ನು ಹುರಿಯುವ ಕ್ರಮವನ್ನೂ ಬಿಟ್ಟಿಲ್ಲ. ಅರಸನು ಬಾಲ್ಯದಲ್ಲಿ ಮುನಿಸಿಕೊಂಡಾಗ ಏನು ತಿಂದನೆಂಬುದನ್ನು ಮಾತ್ರ ಅಂಥ ಗ್ರಂಥಗಳಲ್ಲಿ ಹುಡುಕತಕ್ಕದ್ದಲ್ಲ. ಇನ್ನು ಈಚಿನ ಇತಿಹಾಸಕ್ಕೆ ಬಂದರೆ, 1989ರಲ್ಲಿ ನಮ್ಮ ಸೀಮೆಯ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ನೀರು ಬಂದಲ್ಲೆಲ್ಲ ಕಬ್ಬು ಎದ್ದಿತು. ಬಿಳಿಜೋಳವು ಹಿಂದೆ ಸರಿಯಿತು. ರೈತನ ಕೈಯಲ್ಲಿ ಕಾಸಾಡುವುದನ್ನು ಕಂಡು ಕೊರಗುವಷ್ಟು ಮೂಢನು ನಾನಲ್ಲ. ಆದರೂ ಕಬ್ಬನ್ನು ಹಿಚುಕಿದರೆ ರಸ ಬರುವುದೇ ಹೊರತು ಮುಟಗಿ ಬಾರದು. ಸಂತೆಯಲ್ಲಿ ಕೊಂಡ ಹಳೆಯ ಹಿಟ್ಟಿಗಂತೂ ಜಿಗಿಯೇ ಇರುವುದಿಲ್ಲ.

ಸಂಗತಿಯ ಸ್ಥಾನದಲ್ಲಿ ದಾಯಭಾಗದ ಪ್ರಶ್ನೆಯೊಂದು ಉಳಿದಿದೆ. ವಿಜ್ಞಾನೇಶ್ವರನ ಮಿತಾಕ್ಷರೆಯಂತೆ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಮುಟಗಿಯಲ್ಲಾದರೋ ಹಕ್ಕು ಬರುವುದು ಅಳುವಿನಿಂದ. ಇಬ್ಬರು ಮೊಮ್ಮಕ್ಕಳು ಸಮಸ್ವರದಲ್ಲಿ ಅತ್ತರೆ, ಹಿರಿಯನು ಮುರಿಯತಕ್ಕದ್ದು, ಕಿರಿಯನು ಆರಿಸಿಕೊಳ್ಳತಕ್ಕದ್ದು ಎಂಬ ವಿಧಿಯುಂಟು. ಆದರೆ ಎಷ್ಟೇ ಸಮವಾಗಿ ಮುರಿದರೂ ಜಜ್ಜಿದ ಬೆಳ್ಳುಳ್ಳಿಯ ದಪ್ಪ ಎಸಳು ಒಂದೇ ಪಾಲಿಗೆ ಬೀಳುವುದರಿಂದ ವ್ಯಾಜ್ಯವು ಅಲ್ಲಿಗೆ ನಿಲ್ಲುವುದಿಲ್ಲ. ಅಂಥ ಒಂದು ಮೇಲ್ಮನವಿಯು ಒಲೆಯ ಮುಂದೆ ವಿಚಾರಣೆಗೆ ಬಂದಾಗ ಆಯಿಯು ಉಭಯ ವಾದಿಗಳನ್ನೂ ಒಮ್ಮೆ ದಿಟ್ಟಿಸಿ ನೋಡಿ, “ಇಬ್ಬರಿಗೂ ಸಾಲಂಗಿಲ್ಲೇನ್ರೋ? ಹಂಗಾರ ತಂಗಿ ತಿಂತಾಳ ಬಿಡ್ರಿ” ಎಂದು ಎರಡೂ ಪಾಲುಗಳನ್ನು ಮತ್ತೆ ಒಂದೇ ಮುಷ್ಟಿಗೆ ಹಾಕಿ ಬಿಗಿದು, ಅಂಗಳದಲ್ಲಿ ಆಡುತ್ತಿದ್ದ, ಕೇಳಿಯೇ ಇರದ ಮೊಮ್ಮಗಳ ಕೈಗೆ ಇತ್ತಳು. ಪುನರ್ವಿಚಾರಣೆಗೆ ಅರ್ಜಿ ಸಿದ್ಧವಾಗುವಷ್ಟರಲ್ಲಿ ವ್ಯಾಜ್ಯದ ಸ್ವತ್ತು ಆಕೆಯ ಹೊಟ್ಟೆಯಲ್ಲಿತ್ತು.